ಮಾಮಾನ ಡಾಂಬರು, ಮಾಮಾನ ಕೆಮ್ಮು

ನಮ್ಮ ಮಾಮಾ ರಸ್ತೆ ಮೂಸುತ್ತಾನೆ!

ಸುಳ್ಳಲ್ಲ, ಕೊಟ್ಟೂರೇಶನಾಣೆ. ಜನ ಹೂವು ಮೂಸುತ್ತಾರೆ, ಹಾಲು ಕೆಟ್ಟಿದೆಯೇ ಎಂದು ಮೂಸುತ್ತಾರೆ, ಗಂಡ ತಡವಾಗಿ ಬಂದರೆ ಹೆಂಡತಿ ಅವನ ಬಾಯಿ ಮೂಸುತ್ತಾಳೆ. ನಮ್ಮ ಮಾಮಾ ಮಾತ್ರ ಬಸ್ಸಿಳಿದ ಕೂಡಲೇ ಚಪ್ಪಲಿ ಪಕ್ಕಕ್ಕಿಟ್ಟು, ರಸ್ತೆಯಂಚಿಗೆ ಮೊಣಕಾಲೂರಿ, ಹೊಸದಾಗಿ ಹಾಕಿದ ಡಾಂಬರಿಗೆ ಮೂಗು ಹಚ್ಚಿ ಕಣ್ಣು ಮುಚ್ಚುತ್ತಾನೆ. ಒಮ್ಮೆ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಅಜ್ಜಿ ಇದನ್ನು ನೋಡಿ, ತಾನೂ ಅವನ ಪಕ್ಕದಲ್ಲಿ ಕೂತು ನೆಲಕ್ಕೆ ಹಣೆ ಹಚ್ಚಿ, "ಇದು ಯಾವ ದೇವರೋ ಯಪ್ಪಾ?" ಎಂದು ಕೇಳಿದಳು.

"ದೇವ್ರಲ್ಲ ಬೇ, ಆಸ್ಫಾಲ್ಟೀನು" ಎಂದ ಮಾಮಾ, ಗಂಭೀರವಾಗಿ.

ಅಜ್ಜಿ ಅದಕ್ಕೂ ಇನ್ನೊಮ್ಮೆ ಕೈಮುಗಿದಳು. ಇಷ್ಟು ದೇವರಿರುವ ಊರಿನಲ್ಲಿ ಇನ್ನೊಂದು ಹೆಚ್ಚಾದರೆ ಯಾರಿಗೆ ಭಾರ?

ಮಾಮಾ ಎಂದರೆ ನಮ್ಮವ್ವನ ತಮ್ಮ. ನನಗಿಂತ ಇಪ್ಪತ್ತು ವರ್ಷ ದೊಡ್ಡವ, ರಸಾಯನಶಾಸ್ತ್ರವನ್ನು ಅರೆದು ಕುಡಿದವ. ಅಂಥವನಿಗೆ ಏಕವಚನವೇ ಎಂದು ಮುಖ ಸಿಂಡರಿಸಬೇಡಿ. ಬಹುವಚನ ಹಚ್ಚಿ ಕರೆದರೆ ಅವನೇ ಹಿಂದೆ ತಿರುಗಿ ಯಾರು ಬಂದರೆಂದು ನೋಡುತ್ತಾನೆ. ಅಷ್ಟು ರೂಢಿ ತಪ್ಪಿದೆ! ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಅವನು ಹದಿನೇಳು ವರ್ಷ ಅತಿಥಿ ಉಪನ್ಯಾಸಕನಾಗಿದ್ದ. ನಮ್ಮ ಮನೆಯಲ್ಲಿ ಅತಿಥಿ ಮೂರು ದಿನ ಉಳಿದರೆ ಅವ್ವ ಸಾರಿಗೆ ಒಗ್ಗರಣೆ ನಿಲ್ಲಿಸುತ್ತಾಳೆ. ಹದಿನೇಳು ವರ್ಷ ಉಳಿದ ಅತಿಥಿಗೆ ಕಾಲೇಜು ಏನೇನು ನಿಲ್ಲಿಸಬೇಡ, ನೀವೇ ಹೇಳಿ! ಪರೀಕ್ಷೆ ಮುಗಿದ ದಿನ "ಹೋಗಿ ಬರ್ರಿ" ಎನ್ನುತ್ತಾರೆ. ಮುಂದಿನ ವರ್ಷದ ಪಾಠ ಶುರುವಾದಾಗ "ಬರ್ರಿ" ಎಂದು ಕರೆಯುತ್ತಾರೋ ಇಲ್ಲವೋ, ಅದು ನೋಟಿಸು ಬೋರ್ಡಿಗೆ ಮಾತ್ರ ಗೊತ್ತು. ನಡುವಿನ ಬೇಸಿಗೆಯ ತಿಂಗಳುಗಳಲ್ಲಿ ಅವನು ಕೂಡ್ಲಿಗಿ ದಾರಿಯಲ್ಲಿರುವ ಡಾಂಬರ್ ಪ್ಲಾಂಟಿಗೆ ಹೋಗುತ್ತಿದ್ದ. ಜಲ್ಲಿ, ಡಾಂಬರು ಎರಡನ್ನೂ ಕಾಯಿಸಿ ಕಲಸಿ ಟಿಪ್ಪರಿಗೆ ತುಂಬುವ ಜಾಗ ಅದು. ಡಾಂಬರು ಸರಿಯಿದೆಯೇ ಎಂದು ಪರೀಕ್ಷೆ ಮಾಡಿ ಸಹಿ ಹಾಕುವುದು ಮಾಮಾನ ಕೆಲಸ.

ಪರೀಕ್ಷೆ ಎಂದರೆ ಏನು ಮಹಾ ಎಂದುಕೊಂಡಿದ್ದೀರಿ? ತಣಿದ ಡಾಂಬರಿನ ಮೇಲೆ ಒಂದು ಸೂಜಿ ನಿಲ್ಲಿಸಿ, ಮೇಲೆ ತೂಕ ಇಟ್ಟು, ಐದು ಸೆಕೆಂಡಿನಲ್ಲಿ ಅದು ಎಷ್ಟು ಇಳಿಯಿತು ಎಂದು ನೋಡುವುದು. ಅವ್ವ ಒಮ್ಮೆ ಪ್ಲಾಂಟಿಗೆ ಬುತ್ತಿ ಒಯ್ದಾಗ ಇದನ್ನು ಕಣ್ಣಾರೆ ಕಂಡು, ಮನೆಗೆ ಬಂದು ಹಣೆ ಹಣೆ ಬಡಿದುಕೊಂಡಳು. "ಎಮ್ಮೆಸ್ಸಿ ಓದಿ ಸೂಜಿ ಚುಚ್ಚಾಕ ಹೋಗ್ಯಾನಲ್ಲೋ! ಅದನ್ನ ನಾನು ಕೌದಿ ಹೊಲಿಯೋ ಮುಂದ ದಿನಾ ಮಾಡ್ತೀನಿ."

ನನ್ನ ವಿಷಯ ಕೇಳುತ್ತೀರಾ? ನಾನು ಮಿಮಿಕ್ರಿಯವ. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುಗಾರರು ನೀರು ಕುಡಿಯಲು ಹೋದಾಗ ನನ್ನನ್ನು ಮೈಕಿನ ಮುಂದೆ ತಳ್ಳುತ್ತಾರೆ. ಹರಪನಹಳ್ಳಿ ಬಸ್ಸಿನ ಕಂಡಕ್ಟರು, ನಮ್ಮ ಪ್ರಿನ್ಸಿಪಾಲರು, ಸಂತೆಯಲ್ಲಿ ಈರುಳ್ಳಿ ಮಾರುವವರು, ಕೋಪ ಬಂದ ನಮ್ಮವ್ವ, ಕೋಪ ಬಾರದ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಇಷ್ಟು ಮಂದಿಯನ್ನು ಇಟ್ಟುಕೊಂಡು ನನ್ನ ಸ್ವಂತ ದನಿಗೇ ಜಾಗವಿಲ್ಲ. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಫೇಲಾದವ ನಾನು. ಪಾಠ ಮಾಡಿದ್ದು ಸ್ವತಃ ಮಾಮಾ! ಅವನು ಪಾಠ ಮಾಡುವಾಗ ನಾನು ಪಾಠ ಕೇಳುತ್ತಿರಲಿಲ್ಲ, ಅವನನ್ನು ಕಲಿಯುತ್ತಿದ್ದೆ.

ಆದರೂ ಒಂದು ಪಾಠ ಮಾತ್ರ ತಲೆಯೊಳಗೆ ಉಳಿದಿದೆ. ಯಾಕೆಂದರೆ ಅದು ದಿನಾ ಊಟದ ಹೊತ್ತಿಗೇ ನಡೆಯುತ್ತಿತ್ತು.

"ಲೇ ಅಳಿಯಾ, ನೆಲದಾಗಿನ ಎಣ್ಣಿ ಕಾಯಿಸಿದ್ರ ಮೊದ್ಲು ಏನ್ ಹಾರತೈತಿ? ಗ್ಯಾಸು. ಆಮ್ಯಾಲೆ ಪೆಟ್ರೋಲು, ಸೀಮಿಎಣ್ಣಿ, ಡೀಸೆಲ್ಲು. ಹಗುರ ಇದ್ದವು ಮ್ಯಾಲೆ ಮ್ಯಾಲೆ ಹೋಗಿ ನೌಕರಿ ಹಿಡಕೊಂತಾವ. ತಳದಾಗ ಏನ್ ಉಳೀತು?"

"ನೀನು" ಎನ್ನುತ್ತಿದ್ದೆ ನಾನು.

"ಗಸಿ! ಕರೀ ಗಸಿ. ಮಂದಿ ಅದನ್ನ ಕಸ ಅಂತಾರ. ಕಸ ಅಲ್ಲಲೇ ಅದು. ಎಲ್ಲಾರ ಭಾರ ಹೊತ್ಕೊಂಡು ಕುಂತದ್ದು ಅದ."

ಹಾಗೆಂದು ಬುಟ್ಟಿಯ ಜೋಳದ ರೊಟ್ಟಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಆ ಗಸಿಯಲ್ಲಿ ಆಸ್ಫಾಲ್ಟೀನು ಎಂಬ ದೊಡ್ಡ ಅಣುಗಳಿವೆಯಂತೆ. ಆರು ಮೂಲೆಯ ಉಂಗುರಗಳು ಒಂದಕ್ಕೊಂದು ಅಂಟಿ ಆದ ಚಪ್ಪಟೆ ಹಾಳೆಗಳು, ರೊಟ್ಟಿಯ ಹಾಗೆ. ರೊಟ್ಟಿಯ ಅಂಚು ಹರಿದಿರುತ್ತದಲ್ಲ, ಹಾಗೆ ಅವುಗಳ ಅಂಚಿಗೆ ಬಾಲಗಳು. ಒಂದರ ಮೇಲೊಂದು ಪೇರಿಸಿಕೊಂಡು ಕೂತಿರುತ್ತವೆ. "ಅವುಗಳ ಒಳಗ ಗಂಧಕ, ನಿಕ್ಕಲ್ಲು, ವೆನೇಡಿಯಮ್ಮು ಸಿಕ್ಕೊಂಡಿರತಾವ" ಎಂದು ಅವನು ಎರಡು ರೊಟ್ಟಿಯ ನಡುವೆ ಬೆರಳು ತೋರಿಸಿದರೆ, ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು: "ಅಲ್ಲೆ ಶೇಂಗಾ ಚಟ್ನಿ ಸಿಕ್ಕೊಂಡೈತಿ. ಬಾಯಿ ಮುಚ್ಕೊಂಡು ತಿನ್ನು!"

ಅಷ್ಟು ಭಾರದ ರೊಟ್ಟಿ ಎಣ್ಣೆಯಲ್ಲಿ ಮುಳುಗದೆ ತೇಲುವುದು ಹೇಗೆ? ಸುತ್ತ ರಾಳದ ಅಣುಗಳು ಕೈಕೈ ಹಿಡಿದು ಅದನ್ನು ಎತ್ತಿ ನಿಲ್ಲಿಸಿರುತ್ತವಂತೆ. ಪೆಟ್ರೋಲಿನಂಥ ಹಗುರವಾದದ್ದನ್ನು ಸುರಿದರೆ ರಾಳ ಕೈಬಿಟ್ಟು ಹೋಗುತ್ತದೆ, ಕರಿಯದು ತಳಕ್ಕೆ ಕುಸಿಯುತ್ತದೆ. ಇದನ್ನು ತೋರಿಸಲು ಒಂದು ದಿನ ಅವ್ವನ ಸ್ಟೀಲಿನ ತಂಬಿಗೆಗೆ ಡಾಂಬರು ಹಾಕಿ, ನನ್ನ ಗಾಡಿಯ ಪೆಟ್ರೋಲು ಸುರಿದ. ಕರಿ ಪುಡಿ ನಿಜಕ್ಕೂ ತಳಕ್ಕೆ ಇಳಿಯಿತು. "ನೋಡಿದ್ಯಾ? ಹಿಡಿದವರು ಕೈ ಬಿಟ್ರ ಹಿಂಗ" ಎಂದ. ಅವ್ವ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದಳು, ಬೂದಿಯಿಂದ ತಿಕ್ಕಿದಳು, ಕೊನೆಗೆ ತಮ್ಮನ ವಂಶವನ್ನೇ, ಅಂದರೆ ತನ್ನದನ್ನೂ, ಬೈಯುತ್ತ ತಿಕ್ಕಿದಳು. ವಾಸನೆ ಹೋಗಲಿಲ್ಲ. ಅಂದಿನಿಂದ ಅದು ನಮ್ಮ ಮನೆಯಲ್ಲಿ ಬೇಡದ ನೆಂಟರಿಗೆ ನೀರು ಕೊಡುವ ತಂಬಿಗೆ.

ಈ ರೊಟ್ಟಿ ಪಾಠವೇ ಅವನ ಮದುವೆಯನ್ನೂ ತಿಂದುಹಾಕಿತು! ಹಡಗಲಿಗೆ ಹೆಣ್ಣು ನೋಡಲು ಹೋಗಿದ್ದೆವು. ನನಗಿನ್ನೂ ಚಡ್ಡಿಯ ವಯಸ್ಸು. ಮಲ್ಲಿಗೆಯ ಊರು, ಪಡಸಾಲೆಯ ತುಂಬ ಮಲ್ಲಿಗೆಯ ಘಮ. ಮಾಮಾ ಹೊಸ್ತಿಲಲ್ಲಿ ನಿಂತು ಮೂಗರಳಿಸಿ, "ಇಲ್ಲೆ ಎಲ್ಲೋ ಡಾಂಬರ್ ಕಾಯಿಸಾಕ ಹತ್ಯಾರ" ಎಂದ. ಅವ್ವ ಅವನ ಬೆನ್ನು ಚಿವುಟಿದಳು. ಊಟಕ್ಕೆ ಕೂತಾಗ ಹುಡುಗಿಯ ಅಪ್ಪ ಎಲ್ಲ ಅಪ್ಪಂದಿರಂತೆ, "ಏನ್ ಕೆಲಸ ಮಾಡತೀರಿ?" ಎಂದರು. ಕೇಳಬಾರದಿತ್ತು! ಹನ್ನೆರಡು ರೊಟ್ಟಿಗಳು ಅವರ ಜಮಖಾನದ ಮೇಲೆ ಹರಡಿಕೊಂಡವು. ಉಂಗುರ, ಬಾಲ, ಗಂಧಕ, ರಾಳ ಎಲ್ಲ ಮುಗಿಯುವ ಹೊತ್ತಿಗೆ ಸಾರು ತಣ್ಣಗಾಗಿತ್ತು. ಬಾಗಿಲ ಮರೆಯಲ್ಲಿದ್ದ ಹುಡುಗಿ ಮಾತ್ರ ನಗುತ್ತ ಕೇಳುತ್ತಿದ್ದಳು. ಅದನ್ನು ನೋಡಿದವನು ನಾನೊಬ್ಬನೇ.

ಹುಡುಗಿಯ ಅಪ್ಪ ಕೊನೆಗೆ ಕೇಳಿದರು: "ಅದೆಲ್ಲಾ ಇರ್ಲಿರಿ. ನೌಕರಿ ಕಾಯಂ ಐತೇನು?"

ಮಾಮಾ ಒಮ್ಮೆ ಕೆಮ್ಮಿದ. "ಇಲ್ರಿ."

ಹುಡುಗಿಯ ಅಪ್ಪ ರೊಟ್ಟಿಗಳನ್ನು ಒಂದೊಂದಾಗಿ ಬುಟ್ಟಿಗೆ ಮರಳಿ ಪೇರಿಸಿದರು. ಅಷ್ಟು ನಿಧಾನವಾಗಿ "ಆಗುವುದಿಲ್ಲ" ಎಂದವರನ್ನು ನಾನು ಇಂದಿಗೂ ಕಂಡಿಲ್ಲ.

ಆ ಕೆಮ್ಮಿನ ಬಗ್ಗೆ ಹೇಳಲೇಬೇಕು. ಮಾಮಾನಿಗೆ ಯಾವ ರೋಗವೂ ಇಲ್ಲ. ಆದರೆ "ಇಲ್ಲ" ಎನ್ನುವ ಮೊದಲು ಅವನ ಗಂಟಲಿನಿಂದ ಒಂದು ಸಣ್ಣ ಕೆಮ್ಮು ಬಂದೇ ಬರುತ್ತದೆ. ನಿರಾಕರಿಸುವ ಮೊದಲು ಬಾಗಿಲು ಬಡಿದ ಹಾಗೆ! ಅವನು ಕೆಮ್ಮಿದನೆಂದರೆ ಅವ್ವ ಎರಡನೇ ಸಲ ಅನ್ನ ಬಡಿಸುವುದಿಲ್ಲ. ಹುಡುಗರು ಅಂಕ ಹೆಚ್ಚಿಸಿ ಎಂದು ಬಂದವರು ಕೆಮ್ಮು ಕೇಳಿದ ಕೂಡಲೇ ಎದ್ದು ಹೋಗುತ್ತಾರೆ. ನನ್ನ ಆರ್ಕೆಸ್ಟ್ರಾ ಕಾರ್ಯಕ್ರಮದಲ್ಲಿ ಚಪ್ಪಾಳೆ ಬೀಳುವುದೇ ಆ ಕೆಮ್ಮಿಗೆ.

ನೀವು ಕೇಳಬಹುದು: ಇಷ್ಟು ಓದಿದವ ಯಾಕೆ ಹೀಗೆ ತಳದಲ್ಲೇ ಉಳಿದ? ಅವನು ಪಿಎಚ್‌ಡಿಗೂ ಸೇರಿದ್ದ. ಆ ಗಸಿಯನ್ನು ಮತ್ತೆ ಹಗುರ ಎಣ್ಣೆಯನ್ನಾಗಿ ಮಾಡುವುದು ಹೇಗೆ ಎಂಬುದೇ ವಿಷಯ. ಅದಕ್ಕೆ ದಾರಿ ಎರಡೇ ಅಂತೆ. ಒಂದೋ ಇಂಗಾಲ ಕಳೆಯಬೇಕು, ಇಲ್ಲವೇ ಜಲಜನಕ ಕೂಡಿಸಬೇಕು. ಕಳೆಯುವುದು ಸುಲಭ. ಸುಮ್ಮನೆ ಕಾಯಿಸುತ್ತ ಹೋಗುವುದು. ಸಿಕ್ಕಷ್ಟು ಎಣ್ಣೆ ಹಿಂಡಿಕೊಂಡು, ಉಳಿದದ್ದನ್ನು ಕೋಕ್ ಎಂಬ ಇದ್ದಿಲು ಮಾಡಿ ಮೂಲೆಗೆ ಸುರಿಯುವುದು. ಕೂಡಿಸುವುದು ಕಷ್ಟ. ಕಾವು ಬೇಕು, ಒತ್ತಡ ಬೇಕು, ಜಲಜನಕ ಬೇಕು, ಎಲ್ಲಕ್ಕಿಂತ ತಾಳ್ಮೆ ಬೇಕು. ಆದರೆ ಅದರಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ. ಮಾಮಾ ಇದನ್ನೇ ಹಿಡಿದ. ಜಲಜನಕದ ಸಿಲಿಂಡರಿಗೆ ಮೂರು ವರ್ಷ ಅರ್ಜಿ ಬರೆದ. ಕೊನೆಗೆ ಪ್ರಯೋಗಾಲಯಕ್ಕೆ ಒಂದು ಗೋಡೆ ಫ್ಯಾನು ಬಂತು. ಅಷ್ಟರಲ್ಲಿ ಪಿಎಚ್‌ಡಿಯ ಅವಧಿಯೂ ಮುಗಿಯಿತು.

"ಇಲ್ಲೆ ಕಾವು ಐತಿ, ಒತ್ತಡ ಐತಿ. ಜಲಜನಕ ಒಂದು ಕೊಡಂಗಿಲ್ಲ ನೋಡು" ಎನ್ನುತ್ತಾನೆ ಮಾಮಾ, ಮಿರ್ಚಿ ಅಂಗಡಿಯ ಮುಂದೆ ಮಂಡಕ್ಕಿ ಕೈಯಲ್ಲಿ ಹಿಡಿದು. "ಅದಕ್ಕ ನಮ್ಮ ಕಡಿ ಓದಿದವ್ರು ಹಗುರಾಗಂಗಿಲ್ಲ. ಕೋಕ್ ಆಕ್ಕಾರ."

ಆಮೇಲೆ ಅದೇ ಉಸಿರಿನಲ್ಲಿ ಮಿರ್ಚಿ ಅಂಗಡಿಯವನಿಗೆ, "ನಿನ್ನ ಎಣ್ಣಿನೂ ಈ ಹೊತ್ತಿಗೆ ಡಾಂಬರ್ ಆಗಾಕ ಬಂದೈತಿ" ಎಂದು ಎಚ್ಚರಿಸುತ್ತಾನೆ. ಅಂಗಡಿಯವನು ನಮಗೆ ಮಾತ್ರ ಎಲ್ಲರದೂ ಕರಿದು ಮುಗಿದ ಮೇಲೆ, ಕಡೆಯ ಘಾಣದಲ್ಲೇ ಮಿರ್ಚಿ ಕೊಡುವುದು ಇದಕ್ಕೇ.

ಇರಲಿ. ಕಳೆದ ಬೇಸಿಗೆಗೆ ಬರೋಣ. ಕಾಲೇಜಿನಲ್ಲಿ ಹಳೆಯ ಪ್ರೊಫೆಸರೊಬ್ಬರು ನಿವೃತ್ತರಾಗಿ ಒಂದು ಕಾಯಂ ಕುರ್ಚಿ ಖಾಲಿಯಾಗುವುದಿತ್ತು. ಮಾಮಾನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಮರುವರ್ಷವಾದರೆ ಅರ್ಜಿ ಹಾಕಲೂ ಬರುವುದಿಲ್ಲ. ಡಾಂಬರ್ ಪ್ಲಾಂಟಿನ ಯಜಮಾನರು, ನಾವೆಲ್ಲ ಸಾಹುಕಾರರು ಎಂದು ಕರೆಯುವವರು, ಅದೇ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದರು. ಮಾಮಾನ ಸೂಜಿಯೂ ಕುರ್ಚಿಯೂ ಒಬ್ಬರ ಕೈಯಲ್ಲೇ! ಅವ್ವ ಸೋಮವಾರದ ಉಪವಾಸ ಶುರುಮಾಡಿದಳು.

ಆಗಲೇ ಬುಡೇನ್‌ಸಾಬ್ ಮನೆಗೆ ಬಂದದ್ದು. ಬುಡೇನ್‌ಸಾಬ್ ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್, ಮಾಮಾನ ಪ್ರಾಣಸ್ನೇಹಿತ. ನನಗೆ ಚಾಚಾ. ಇಬ್ಬರ ಅಂಗೈಯೂ ಸದಾ ಕಪ್ಪು, ಅದೇ ಅವರ ಸ್ನೇಹದ ಗುಟ್ಟು ಎಂದು ನನ್ನ ಗುಮಾನಿ.

"ಮಾಷ್ಟರ್ರ, ಒಂದ್ ಮಾತು" ಎಂದ ಚಾಚಾ. "ನನ್ನ ಗ್ಯಾರೇಜಿನ ಸುಟ್ಟ ಎಂಜಿನ್ ಎಣ್ಣಿ ನಾಕು ಬ್ಯಾರಲ್ ನಿಮ್ಮ ಪ್ಲಾಂಟಿಗೆ ಒಯ್ದಾರ. ಬಾಗಲಕ್ಕ ಬಳಿಯಾಕ ಅಂದ್ರು."

"ಹೂಂ?"

"ನಾಕು ಬ್ಯಾರಲ್ಲಿಗೆ ಆಗೋ ಅಷ್ಟು ಬಾಗಲ ಈ ತಾಲೂಕಿನಾಗ ಎಲ್ಲಿ ಅದಾವ್ರಿ?"

ಮಾಮಾ ನಗಲಿಲ್ಲ. ಎರಡು ದಿನದಿಂದ ಡಾಂಬರಿನ ವಾಸನೆ ಬೇರೆಯಾಗಿದೆ ಎಂದು ಅವನ ಮೂಗು ಹೇಳುತ್ತಲೇ ಇತ್ತು. ನಡೆದದ್ದು ಇಷ್ಟು. ಪ್ಲಾಂಟಿನಲ್ಲಿ ಯಾರೋ ಡಾಂಬರನ್ನು ಹದ ಮೀರಿ ಕಾಯಿಸಿ ಸುಟ್ಟಿದ್ದರು. ಸುಟ್ಟ ಡಾಂಬರು ಕಲ್ಲಿನಂತೆ ಗಡುಸಾಗುತ್ತದೆ, ಸೂಜಿ ಇಳಿಯುವುದಿಲ್ಲ. ಚೆಲ್ಲುವ ಬದಲು ಅದಕ್ಕೆ ಸುಟ್ಟ ಎಂಜಿನ್ ಎಣ್ಣೆ ಕಲಸಿ ಮೆತ್ತಗೆ ಮಾಡಿದ್ದರು. ಈಗ ಸೂಜಿ ಸಲೀಸಾಗಿ ಇಳಿಯುತ್ತಿತ್ತು. ಕೊಟ್ಟೂರಿನಿಂದ ಹಳ್ಳಿಯೊಂದಕ್ಕೆ ಹೋಗುವ ಅಡ್ಡರಸ್ತೆಗೆ ಅದನ್ನೇ ಹಾಕುವುದಿತ್ತು. ಹಳ್ಳಿಯ ಹೆಸರು ಬೇಡ. ಅವರಿಗೆ ಬೆನ್ನುನೋವೊಂದೇ ಸಾಕು.

ಮಾಮಾ ಸಹಿ ತಡೆದ. ಸಾಹುಕಾರರು ಕಾರಿನಲ್ಲಿ ನಮ್ಮ ಮನೆಗೇ ಬಂದರು. ಅವ್ವ ಗಾಬರಿಯಲ್ಲಿ ಆ ತಂಬಿಗೆಯಲ್ಲೇ ನೀರು ಕೊಟ್ಟಳು! ಅವರು ಒಂದು ಗುಟುಕು ಕುಡಿದು ಮುಖ ಕಿವುಚಿ ಕೆಳಗಿಟ್ಟರು.

"ಮಾಷ್ಟರ್, ಸೂಜಿ ಇಳೀತೋ ಇಲ್ಲೋ?"

"ಇಳೀತ್ರಿ."

"ಮತ್ತೇನ್ ತ್ರಾಸು ನಿಮ್ಗ?"

"ಅದು ಸೂಜಿ ಮುಂದ ಚೊಲೋ ಡಾಂಬರಿನ ಮಿಮಿಕ್ರಿ ಮಾಡಾಕ ಹತ್ತೈತ್ರಿ" ಎಂದ ಮಾಮಾ. "ಸೂಜಿ ನಂಬತೈತಿ. ಕಲ್ಲು ನಂಬಂಗಿಲ್ಲ. ನಾಕು ಬಿಸಿಲು, ಎರಡು ಮಳಿ, ಮುಗೀತು. ಹಿಡಕೊಳ್ಳೋ ಗುಣಾನ ಸುಟ್ಟು ಹೋಗೇತ್ರಿ ಅದರಾಗ."

ನಾನು ಒಳಗೆ ನಿಂತು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ನನ್ನ ಕಲೆಯ ಹೆಸರು ದೊಡ್ಡವರ ನಡುವೆ ಬಂತಲ್ಲ ಎಂದು! ಅಷ್ಟೇ ನನಗೆ ತಿಳಿದದ್ದು.

"ಮುಂದಿನ ತಿಂಗಳ ಮೀಟಿಂಗ್ ಐತಿ" ಎಂದರು ಸಾಹುಕಾರರು. "ನಿಮ್ಮ ಹೆಸರು ನಾನ ಎತ್ತಬೇಕು, ನೆನಪಿರ್ಲಿ."

ಮಾಮಾ ಕೆಮ್ಮಿದ. ಅವರು ತಕ್ಷಣ ಕೈಯೆತ್ತಿದರು. "ಈಗ ಬ್ಯಾಡ. ವಿಚಾರ ಮಾಡ್ರಿ. ಮಂಗಳವಾರ ಫೋನ್ ಹಚ್ಚತೀನಿ."

ಅವರು ಹೋದ ಮೇಲೆ ಅವ್ವ ಅತ್ತಳು. "ಒಂದು ಸಹಿ ಹಾಕಿದ್ರ ನಿನ್ನ ಕೈ ಏನ್ ಮುರೀತೈತಿ? ಹದಿನೇಳು ವರ್ಷ ಯಾರ್ಯಾರ್ದೋ ಬಾಗಲಾಗ ನಿಂತಿ. ಈಗ ಒಳಗ ಕರದ್ರ ಬರಂಗಿಲ್ಲ ಅಂತೀಯಲ್ಲೋ!" ಮಾಮಾ ಮತ್ತೆ ಕೆಮ್ಮಿದ, ಅಷ್ಟೇ.

ಮಂಗಳವಾರ ಅವನು ಪತ್ರಿಕೆಗಳ ಮೌಲ್ಯಮಾಪನಕ್ಕೆ ದಾವಣಗೆರೆಗೆ ಹೋದ. ಫೋನು ಮನೆಯಲ್ಲೇ ಇತ್ತು. ಮಾಮಾನ ಫೋನು ಗೂಟಕ್ಕೆ ಕಟ್ಟಿದ ಎಮ್ಮೆ. ಚಾರ್ಜರಿನಿಂದ ಬಿಚ್ಚಿ ಹೊರಗೆ ಒಯ್ದದ್ದೇ ಅಪರೂಪ. ಹತ್ತು ಗಂಟೆಗೆ ಅದು ರಿಂಗಣಿಸಿತು. ಸಾಹುಕಾರರು! ಅವ್ವ ಬಾವಿಯ ಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ನೋಡಿದೆ, ಸುತ್ತ ಯಾರೂ ಇರಲಿಲ್ಲ. ನನ್ನ ಗಂಟಲಲ್ಲಿ ಬಾಡಿಗೆಗಿದ್ದ ಮಾಮಾ ತಾನೇ ಎದ್ದು ಕೂತ.

"ಏನ್ ವಿಚಾರ ಮಾಡಿದ್ರಿ ಮಾಷ್ಟರ್?"

"ಹಾಕ್ರಿ ಸಾಹುಕಾರ್ರ" ಎಂದೆ, ಮಾಮಾನ ಒಣ ದನಿಯಲ್ಲಿ, ಕೊನೆಯ ಅಕ್ಷರವನ್ನು ಅವನಂತೆಯೇ ಒಂದಿಷ್ಟು ಎಳೆದು. "ರಿಪೋರ್ಟಿಗೆ ಸಹಿ ಮಾಡ್ತೀನಿ."

"ಶಾಣ್ಯಾರದೀರಿ" ಎಂದು ಅವರು ಫೋನಿಟ್ಟರು.

ನನ್ನ ಜೀವನದ ಅತ್ಯುತ್ತಮ ಪ್ರದರ್ಶನ! ಒಂದು ತಪ್ಪಿಲ್ಲ, ಒಂದು ಉಸಿರು ಹೆಚ್ಚಿಲ್ಲ. ಚಪ್ಪಾಳೆಗೆ ಮಾತ್ರ ಯಾರೂ ಇರಲಿಲ್ಲ. ಮಾಮಾನ ಹದಿನೇಳು ವರ್ಷದ ಗಂಟನ್ನು ಎರಡು ವಾಕ್ಯದಲ್ಲಿ ಬಿಚ್ಚಿದೆನೆಂದು ಎದೆಯುಬ್ಬಿಸಿಕೊಂಡೆ. ಅವನು ಬಂದು ಒಂದಿಷ್ಟು ಕೂಗಾಡುತ್ತಾನೆ, ಆಮೇಲೆ ಕುರ್ಚಿಯಲ್ಲಿ ಕೂತು ನನ್ನನ್ನು ಹರಸುತ್ತಾನೆ. ಇದು ನನ್ನ ಲೆಕ್ಕಾಚಾರ. ರಸಾಯನಶಾಸ್ತ್ರದಲ್ಲಿ ಫೇಲಾದವನ ಲೆಕ್ಕಾಚಾರ.

ಸಂಜೆ ಮಾಮಾ ಬಂದಾಗ ಅವನ ಪ್ಯಾಂಟಿನ ಎರಡೂ ಮೊಣಕಾಲಿಗೆ ಡಾಂಬರು ಮೆತ್ತಿತ್ತು. ದಾರಿಯಲ್ಲೇ ಇಳಿದು ಮೂಸಿ ಬಂದಿದ್ದಾನೆ ಎಂದು ತಿಳಿಯಿತು. ಅಡ್ಡರಸ್ತೆ ಅರ್ಧ ಮುಗಿದಿತ್ತು. ಅವನು 'ಯಾರು' ಎನ್ನಲಿಲ್ಲ, 'ಯಾಕೆ' ಎನ್ನಲಿಲ್ಲ. ನೀರು ಕುಡಿದು ಮಲಗಿದ. ಮರುದಿನ ಪ್ಲಾಂಟಿಗೆ ಹೋಗಿ ಮಧ್ಯಾಹ್ನವೇ ಮರಳಿದ. "ಸಹಿ ಮಾಡಿದೆ" ಎಂದ, ಅಷ್ಟೇ. ಅವ್ವ ಅವನ ಬಾಯಿಗೆ ಸಕ್ಕರೆ ಹಾಕಿದಳು. ಅವನು ಅದನ್ನು ಅಗಿಯಲೂ ಇಲ್ಲ, ಉಗುಳಲೂ ಇಲ್ಲ. ಮಾಮಾನಿಗೆ ಕೊನೆಗೂ ಬುದ್ಧಿ ಬಂತು ಎಂದು ನಾನು ತಿಳಿದೆ. ಜಗತ್ತಿನಲ್ಲಿ ನನ್ನಷ್ಟು ಜಾಣರು ಎಷ್ಟು ಮಂದಿ ಇರಬಹುದು?

ನಾಲ್ಕು ಬಿಸಿಲು ಎಂದಿದ್ದನಲ್ಲ, ಮೂರೇ ಸಾಕಾಯಿತು. ರಸ್ತೆ ಬೆವರತೊಡಗಿತು. ಗಾಡಿಯ ಗಾಲಿಗೆ ಅಂಟಿತು, ಮೇಕೆಗಳ ಗೊರಸಿಗೆ ಅಂಟಿತು. ಒಬ್ಬಳು ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಬರಿಗಾಲಿನಲ್ಲಿ ಕೊಟ್ಟೂರಿನ ಸಂತೆಗೆ ಬಂದಳು. ಮಳೆ ಬಿದ್ದ ಮೇಲೆ ಜಲ್ಲಿಯೂ ಡಾಂಬರೂ ಸಂಬಂಧ ಕಡಿದುಕೊಂಡವು. ಹಳ್ಳಿಯವರು ಕಿತ್ತ ಜಲ್ಲಿಯನ್ನು ಬುಟ್ಟಿಯಲ್ಲಿ ತುಂಬಿ ತಂದು ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಸುರಿದರು. ವಿಚಾರಣೆ ಬಂತು. ಸಾಹುಕಾರರು ರಿಪೋರ್ಟು ತೋರಿಸಿ, "ಓದಿದವ್ರು ಅಂತ ನಂಬಿದ್ನಿರಿ" ಎಂದು ಕಣ್ಣೊರೆಸಿಕೊಂಡರು. ಅದರ ಕೆಳಗೆ ಮಾಮಾನ ಸಹಿ, ದುಂಡಗೆ, ಕಾಪಿ ಪುಸ್ತಕದ ಹಾಗೆ.

ಪ್ಲಾಂಟು ಅವನನ್ನು ಕೆಲಸದಿಂದ ಬಿಡಿಸಿತು. ಕಾಲೇಜಿನ ನೋಟಿಸು ಬೋರ್ಡು ಆ ವರ್ಷ "ಬರ್ರಿ" ಎನ್ನಲಿಲ್ಲ. ಕಾಯಂ ಕುರ್ಚಿ ಸಾಹುಕಾರರ ಬೀಗರಿಗೋ ಅಳಿಯನಿಗೋ ಸಿಕ್ಕಿತೆಂದು ನೀವು ಊಹಿಸುತ್ತಿದ್ದೀರಿ. ಅಷ್ಟು ಸರಳವಾಗಿದ್ದರೆ ಬೈದು ಹಗುರಾಗಬಹುದಿತ್ತು. ಅದು ಯಾರಿಗೂ ಸಿಗಲಿಲ್ಲ. ಆ ಕುರ್ಚಿಯಲ್ಲಿ ಈಗ ಇನ್ನೊಬ್ಬ ಅತಿಥಿ ಕೂತಿದ್ದಾನೆ. ಸಾಹುಕಾರರಿಗೆ ಹರಪನಹಳ್ಳಿ ಕಡೆ ಹೊಸ ರಸ್ತೆಯ ಕೆಲಸ ಸಿಕ್ಕಿದೆ.

ಮಾಮಾ ಮನೆಯಲ್ಲಿ ಟ್ಯೂಷನ್ ಹೇಳತೊಡಗಿದ. ಭಾನುವಾರ ಬಂದರೆ ಹಳೆಯ ಎಣ್ಣೆ ಡಬ್ಬಿಯೊಂದರಲ್ಲಿ ಡಾಂಬರು, ಒಂದು ಚೀಲ ಜಲ್ಲಿ, ಸೌದೆ, ಇಷ್ಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಆ ಅಡ್ಡರಸ್ತೆಗೆ ಹೋಗಿ, ಒಬ್ಬನೇ ಗುಂಡಿ ಮುಚ್ಚುತ್ತ ಕೂಡುತ್ತಿದ್ದ. ಮೂರು ಕಿಲೋಮೀಟರು ರಸ್ತೆ, ಒಂದು ಭಾನುವಾರಕ್ಕೆ ನಾಲ್ಕು ಗುಂಡಿ! ಮುಚ್ಚಿದ್ದಕ್ಕಿಂತ ಬೇಗ ಹೊಸವು ಬೀಳುತ್ತಿದ್ದವು. ಊರು ನಕ್ಕಿತು. ಸುಳ್ಳು ಯಾಕೆ ಹೇಳಲಿ, ಊರನ್ನು ನಗಿಸಿದವನೇ ನಾನು. ಕೂಡ್ಲಿಗಿಯ ಒಂದು ಮದುವೆಯಲ್ಲಿ ಮಾಮಾ ಗುಂಡಿಯ ಜೊತೆ ಮಾತಾಡುವ ಹೊಸ ಐಟಂ ಮಾಡಿದೆ. "ಲೇ ಗುಂಡಿ, ಇಂಗಾಲ ಕಳೀಲೋ, ಜಲಜನಕ ಕೂಡಿಸ್ಲೋ?" ಜನ ಬಿದ್ದು ಬಿದ್ದು ನಕ್ಕರು.

ವೇದಿಕೆಯಿಂದ ಇಳಿದಾಗ ಬುಡೇನ್ ಚಾಚಾ ನಿಂತಿದ್ದ. ನಗುತ್ತಿರಲಿಲ್ಲ.

"ಚೊಲೋ ಮಾಡ್ತಿ ಬೇಟಾ" ಎಂದ. "ಸಾಹುಕಾರ್ರ ಫೋನಿನಾಗೂ ಚೊಲೋ ಮಾಡಿದ್ದಿ."

ನನ್ನ ಗಂಟಲಿನ ಒಬ್ಬ ಬಾಡಿಗೆದಾರನೂ ಸಹಾಯಕ್ಕೆ ಬರಲಿಲ್ಲ.

ಮಾಮಾ ಸಹಿ ಮಾಡಿದ ದಿನ ಚಾಚಾ ಖಾಲಿ ಬ್ಯಾರಲ್ ತರಲು ಪ್ಲಾಂಟಿಗೆ ಹೋಗಿದ್ದನಂತೆ. ಮಾಮಾ "ನಾ ಹೇಳಿಲ್ಲ, ಸಹಿ ಹಾಕಂಗಿಲ್ಲ" ಎಂದು ನಿಂತಿದ್ದ. ಸಾಹುಕಾರರ ಫೋನಿನಲ್ಲಿ ಎಲ್ಲ ಕರೆಯೂ ತಾನಾಗಿ ರೆಕಾರ್ಡಾಗುತ್ತದೆ. ಅವರು ಅದನ್ನು ಹಚ್ಚಿದರು. ಮಾಮಾ ಕೇಳಿದ. ಇನ್ನೊಮ್ಮೆ ಹಚ್ಚಿ ಎಂದ. ಇನ್ನೊಮ್ಮೆ ಕೇಳಿದ.

"ಇದು ನಿಮ್ಮ ದನಿ ಅಲ್ಲಂದ್ರ ಯಾರ್ದು?" ಎಂದರಂತೆ ಸಾಹುಕಾರರು. "ನಿಮ್ಮ ಮನ್ಯಾಗಿನ ಫೋನು. ಸ್ಟೇಷನ್ನಿಗೆ ಕೊಡ್ಲೇನು? ಯಾರ್ದು ಅಂತ ಅವ್ರ ಹುಡುಕತಾರ."

ಮಾಮಾ ಸೂಜಿಯನ್ನು ಒರೆಸಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದನಂತೆ: "ಬ್ಯಾಡ್ರಿ. ನಂದ ದನಿ." ಪೆನ್ನು ತೆಗೆದುಕೊಂಡ.

"ನಿನಗ ಹೇಳಬ್ಯಾಡ ಅಂತ ನನ್ನ ಕಡಿ ಆಣಿ ಹಾಕಿಸ್ಕೊಂಡಾನ" ಎಂದ ಚಾಚಾ. "ಇವತ್ತು ನಿನ್ನ ಆಟ ನೋಡಿ ಆಣಿ ಮುರದ್ನಿ. ಅಲ್ಲಾ ಮಾಫ್ ಮಾಡ್ಲಿ."

ಮುಂದಿನ ಭಾನುವಾರ ಬೆಳಿಗ್ಗೆ ನಾನು ಅಡ್ಡರಸ್ತೆಗೆ ಹೋದೆ. ಮಾಮಾ ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಡಬ್ಬಿಯೊಳಗೆ ಡಾಂಬರು ಹೊಳೆಯುತ್ತಿತ್ತು. ನನ್ನನ್ನು ನೋಡಿ ಆಶ್ಚರ್ಯಪಡದೆ ಕೋಲು ನನ್ನ ಕೈಗೆ ಕೊಟ್ಟ.

"ತಿರುವುತ್ತಿರು. ತಳ ಹಿಡೀಬಾರ್ದು."

ತಿರುವಿದೆ. ಹೊಗೆ ಕಣ್ಣಿಗೆ ಬಂತು. ಕಣ್ಣೀರಿಗೆ ಒಳ್ಳೆಯ ನೆಪ.

"ಮಾಮಾ, ಆ ಫೋನು..."

"ಗೊತ್ತೈತಿ."

"ಹೆಂಗ ಗೊತ್ತಾತು? ದನಿ ಪಕ್ಕಾ ಇತ್ತಲ್ಲ?" ನಾಚಿಕೆಗೆಟ್ಟ ಕಲಾವಿದ ನೋಡಿ, ಅಲ್ಲೂ ವಿಮರ್ಶೆ ಬೇಕಿತ್ತು!

"ಪಕ್ಕಾ ಇತ್ತು. ನಾನ ಮಾತಾಡೀನೇನೋ ಅಂತ ನನಗ ಒಂದ್ ಗಳಿಗಿ ಅನಿಸ್ತು." ಅವನು ಗುಂಡಿಯೊಳಗಿನ ಧೂಳನ್ನು ಚಿಂದಿಯಿಂದ ಒರೆಸುತ್ತಿದ್ದ, ಮಗುವಿನ ಕಿವಿ ಒರೆಸಿದ ಹಾಗೆ. "ಕೆಮ್ಮು ಇರ್ಲಿಲ್ಲ."

"ಹೂಂ ಅನ್ನಾಕ ಕೆಮ್ಮು ಯಾಕ ಬೇಕು?"

"ಅದ ಮತ್ತ."

ನಾನು ಕೋಲು ತಿರುವುತ್ತಲೇ ಇದ್ದೆ. "ಬಯ್ಯಿ ಮಾಮಾ. ಒಂದ್ ಏಟು ಹಾಕು."

ಅವನು ಬಯ್ಯಲಿಲ್ಲ. ಗುಂಡಿಯ ಅಂಚಿಗೆ ಜಲ್ಲಿ ಜೋಡಿಸುತ್ತ, ಗಂಟಲು ದಪ್ಪ ಮಾಡಿಕೊಂಡು, ಸಾಹುಕಾರರ ದನಿ ತೆಗೆಯಲು ನೋಡಿದ. "ಏನ್ ವಿಚಾರ ಮಾಡಿದ್ರಿ ಮಾಷ್ಟರ್?" ನಾನು ಕೇಳಿದ ಮಿಮಿಕ್ರಿಗಳಲ್ಲೇ ಅತ್ಯಂತ ಕೆಟ್ಟದ್ದು ಅದು. ಸಾಹುಕಾರರಂತೆಯೂ ಇರಲಿಲ್ಲ, ಮನುಷ್ಯರಂತೆಯೂ ಇರಲಿಲ್ಲ. 

"ಫೋನ್ ಬಂದೈತಿ, ಹೇಳು" ಎಂದ. "ನನ್ನಂಗ ಹೇಳು."

ಕೆಮ್ಮಿದೆ. ಅದನ್ನು ತರಿಸಬೇಕಾಗಲಿಲ್ಲ, ತಾನಾಗಿಯೇ ಬಂತು.

"ಇಲ್ರಿ ಸಾಹುಕಾರ್ರ" ಎಂದೆ. "ಆಗಂಗಿಲ್ರಿ."

ಮಾಮಾ ಡಾಂಬರು ಸುರಿದು, ಜಲ್ಲಿ ಹರಡಿ, ಕಲ್ಲಿನಿಂದ ಕುಟ್ಟಿದ. ಕುಟ್ಟುವುದು ಮುಗಿದ ಮೇಲೆ ಮೂಗು ಹಚ್ಚಿ ನೋಡಿದ.

"ಈಗ ಬರೋಬ್ಬರಿ ಆತು" ಎಂದ. ಗುಂಡಿಗೆ ಹೇಳಿದನೋ ನನಗೋ ತಿಳಿಯಲಿಲ್ಲ.

ಮುಂದಿನ ಗುಂಡಿ ಹತ್ತು ಹೆಜ್ಜೆ ಆಚೆಗಿತ್ತು. ಡಬ್ಬಿ ಬಿಸಿಯಾಗಿತ್ತು. ಚಿಂದಿಯನ್ನು ಎರಡಾಗಿ ಹರಿದು, ಡಬ್ಬಿಯ ಒಂದು ಕಿವಿಯನ್ನು ಅವನು ಹಿಡಿದ, ಇನ್ನೊಂದನ್ನು ನಾನು.